ಹತ್ತು ಲಕ್ಷದ ಒಂಬತ್ತನ್ನು ಒಡೆದವಳು

ಹತ್ತು ಲಕ್ಷದ ಒಂಬತ್ತು. ಒಂದರ ಮುಂದೆ ಐದು ಸೊನ್ನೆ, ಕಡೆಗೆ ಒಂದು ಒಂಬತ್ತು. ಈ ಸಂಖ್ಯೆ ನೆನಪಾದರೆ ಇವತ್ತಿಗೂ ನನ್ನ ಹೊಟ್ಟೆ ಉರಿಯುತ್ತದೆ. ಅಂಥ ಸಂಖ್ಯೆ ಯಾರಿಗೆ ಬೇಕು ಹೇಳಿ? ಜೋಳ ಅಳೆಯುವವರಿಗೆ ಬೇಡ, ಎಮ್ಮೆ ಎಣಿಸುವವರಿಗೆ ಬೇಡ. ಬೀದರ ಜಿಲ್ಲೆಯಲ್ಲಿ ಅದು ಗಂಟುಬಿದ್ದದ್ದು ನನಗೊಬ್ಬಳಿಗೇ. ನನ್ನ ಕೈಗೆ ಬಂದಿದ್ದ ಒಂದೇ ಒಂದು ಕೆಲಸವನ್ನು ಅದು ತಿಂದು ಹಾಕಿತು. ಸಂಖ್ಯೆಗೆ ಬಾಯಿಲ್ಲ, ಬೈದರೆ ಏನು ಬಂತು? ಬೈಯಬೇಕಾದವರು ಬೇರೆ ಇದ್ದಾರೆ, ಅವರಲ್ಲಿ ನಾನೂ ಒಬ್ಬಳು.

ನನ್ನ ತವರು ಭಾಲ್ಕಿ. ಅಪ್ಪ ಕಾಳಿನ ದಲಾಲಿ. ಭಾತಂಬ್ರಾ ಕಡೆಯ ಬಂಡಿಗಳು ಬಂದು ನಮ್ಮ ಅಂಗಡಿ ಮುಂದೆ ನಿಲ್ಲುತ್ತಿದ್ದವು. ಅಪ್ಪನಿಗೆ ಗಂಡುಮಕ್ಕಳಿಲ್ಲ, ಹಾಗಾಗಿ ಅಳತೆ ಎಣಿಸಲು ಕೂರುತ್ತಿದ್ದವಳು ನಾನು. ಕಾಳು ಅಳೆಯುವ ಪಾತ್ರೆಗೆ ನಮ್ಮ ಕಡೆ ಪಾಯಲಿ ಎನ್ನುತ್ತಾರೆ. ಮೊದಲ ಪಾಯಲಿ ಎತ್ತಿದಾಗ ಒಂದು ಎಂದು ಎಣಿಸುವಂತಿಲ್ಲ, 'ಲಾಭ' ಅನ್ನಬೇಕು. ಅಪ್ಪನ ಅಂಗಡಿಯಲ್ಲಿ ಆ ಲಾಭದ ಪಾಯಲಿಯನ್ನು ರಾಶಿಗೆ ಸೇರಿಸುತ್ತಲೂ ಇರಲಿಲ್ಲ. ದೇವರ ಪಾಲು ಎಂದು ಬದಿಗಿಟ್ಟು, ಅಳತೆಯೆಲ್ಲ ಮುಗಿದ ಮೇಲೆ ಮಠದ ಅಯ್ಯನವರ ಜೋಳಿಗೆಗೆ ಹಾಕುತ್ತಿದ್ದರು. ಏಳೆಂಟು ವರ್ಷದವಳಿಂದ ಮದುವೆಯಾಗುವವರೆಗೂ ಇದನ್ನೇ ಮಾಡಿದವಳು ನಾನು. ತಲೆ ಬೇರೆ ಏನು ಯೋಚಿಸುತ್ತಿದ್ದರೂ ಕೈ ತನ್ನಷ್ಟಕ್ಕೆ ತಾನು ಮೊದಲನೆಯದನ್ನು ಬದಿಗಿಡುತ್ತಿತ್ತು.

ನನ್ನನ್ನು ಔರಾದದ ಸಾಲಿ ಮಾಸ್ತರರಿಗೆ ಕೊಟ್ಟರು. ಸಾಲಿಯಲ್ಲಿ ಅವರು ಉರ್ದುವಿನಲ್ಲಿ ಲೆಕ್ಕ ಕಲಿಸುತ್ತಿದ್ದರು, ಮನೆಯಲ್ಲಿ ಕನ್ನಡ ಮಾತು. ಹೆಂಡತಿಗೆ ಮಗ್ಗಿ ಬರುತ್ತದೆ, ಭಾಗಾಕಾರ ಬರುತ್ತದೆ ಎಂದು ತಿಳಿದಾಗ ಅವರಿಗೆ ಆದ ಸಂತೋಷ ಅಷ್ಟಿಷ್ಟಲ್ಲ. ಮಧ್ಯಾಹ್ನ ಊಟವಾದ ಮೇಲೆ ಪಾಟಿ ತಂದು ನನ್ನ ಮುಂದಿಡುತ್ತಿದ್ದರು. "ಇದನ್ನ ಒಡಿ ನೋಡೋಣು" ಎಂದು ಒಂದು ಸಂಖ್ಯೆ ಬರೆಯುವರು. ತೊಂಬತ್ತೊಂದು ಬರೆದರೆ ನಾನು ಏಳು ಹದಿಮೂರಲೆ ಎನ್ನುತ್ತಿದ್ದೆ. ತೊಂಬತ್ತೇಳು ಬರೆದರೆ ಎಷ್ಟು ತಿಣುಕಿದರೂ ಒಡೆಯುತ್ತಿರಲಿಲ್ಲ. ಒಂದು ಮತ್ತು ತಾನು, ಈ ಎರಡನ್ನು ಬಿಟ್ಟು ಬೇರೆ ಯಾರಿಗೂ ಬಗ್ಗದ ಸಂಖ್ಯೆಗೆ ಉರ್ದುವಿನಲ್ಲಿ ಮುಫ್ರದ್ ಎನ್ನುತ್ತಾರೆ, ಒಡೆಯುವುದಕ್ಕೆ ಮುರಕ್ಕಬ್ ಎನ್ನುತ್ತಾರೆ ಎಂದು ಅವರೇ ಹೇಳಿಕೊಟ್ಟರು. ಸುಳ್ಳು ಯಾಕೆ ಹೇಳಲಿ, ಆ ಮೊದಲ ವರ್ಷ ನಾನು ಸುಖವಾಗಿದ್ದೆ. ಆ ಸುಖ ನೆನಪಾದಾಗಲೇ ಈಗ ಹೆಚ್ಚು ಸಿಟ್ಟು ಬರುವುದು.

ಆ ವರ್ಷವೇ ಸಾಲಿಗಳ ತಪಾಸಣೆ ಮಾಡುವ ಮೊಹತಮಿಮ್ ಸಾಹೇಬರು ಔರಾದಕ್ಕೆ ಬಂದರು. ಬೆಳ್ಳಗಿನ ಗಡ್ಡ, ಮೆತ್ತಗಿನ ಮಾತು. ಬೀದರಿನಲ್ಲೇ ಹುಟ್ಟಿ ಬೆಳೆದವರಾದ್ದರಿಂದ ನಮ್ಮ ಕನ್ನಡ ನಮಗಿಂತ ಚೆನ್ನಾಗಿ ಬರುತ್ತಿತ್ತು. ಬೀದರಿನಲ್ಲಿ ಹೆಣ್ಣುಮಕ್ಕಳ ಸಾಲಿ ತೆರೆಯುವುದಿದೆ, ಅಕ್ಷರ ಕಲಿಸುವ ಅಕ್ಕೋರು ಹೇಗೋ ಸಿಗುತ್ತಾರೆ, ಲೆಕ್ಕ ಕಲಿಸುವ ಅಕ್ಕೋರು ಎಲ್ಲಿ ಹುಡುಕಿದರೂ ಇಲ್ಲ ಎಂದರಂತೆ. ನಮ್ಮವರು, "ನಮ್ಮ ಮನ್ಯಾಗ ಒಬ್ಬಾಕಿ ಇದ್ದಾಳ್ರಿ" ಅಂದರು. "ಹಂಗಾದ್ರ ಮುಂದಿನ ಸಲ ಬಂದಾಗ ಆಕಿ ಪರೀಕ್ಷಾ ಮಾಡ್ತೇನಿ. ಪಾಸಾದ್ರ ಕೆಲಸ ಆಕಿದೇ" ಎಂದು ಸಾಹೇಬರು ಮಾತು ಕೊಟ್ಟು ಹೋದರು.

ಅವತ್ತಿನಿಂದ ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ರೊಟ್ಟಿ ಬಡಿಯುವಾಗ ಎದುರಿಗೆ ಹುಡುಗಿಯರು ಸಾಲಾಗಿ ಕೂತಂತೆ ಕಾಣುತ್ತಿತ್ತು. ಒಬ್ಬಳು ಹದಿನೇಳರ ಮಗ್ಗಿಯಲ್ಲಿ ತಡವರಿಸುವಳು, ನಾನು ತಿದ್ದುವೆ. ಬಾವಿಕಟ್ಟೆಯಲ್ಲಿ ಹೆಂಗಸರು ಕೊಡ ತುಂಬುತ್ತ, "ಏನವಾ, ಅಕ್ಕೋರು ಆಗ್ತಿಯಂತ? ನಮ್ಮನ್ನ ಮಾತಾಡಸ್ತಿ ಇಲ್ಲೋ ಮುಂದ?" ಎಂದು ಚೇಷ್ಟೆ ಮಾಡುತ್ತಿದ್ದರು. ನಾನು ನಗುತ್ತಿದ್ದೆ. ಒಳಗೊಳಗೇ ಹಿಗ್ಗುತ್ತಿದ್ದೆ.

ನಮ್ಮವರಿಗೂ ಔರಾದ ಬಿಟ್ಟು ಬೀದರಿಗೆ ಹೋಗುವ ಆಸೆ ಇತ್ತು. ಸಾಹೇಬರು ಬರುವ ಹೊತ್ತಿಗೆ ಬೆರಗಾಗುವಂಥದ್ದು ಏನಾದರೂ ತೋರಿಸಬೇಕೆಂದು ಹಟ ಹಿಡಿದರು. ಯಾರೂ ಕಂಡಿರದ ದೊಡ್ಡ ಮುಫ್ರದ್ ಸಂಖ್ಯೆಯೊಂದನ್ನು ಹುಡುಕಿ ಸಾಲಿಯ ಗೋಡೆಗೆ ಬರೆಸಬೇಕು! ಹತ್ತು ಲಕ್ಷದ ಒಂಬತ್ತು ಅವರ ಕಣ್ಣಿಗೆ ಬಿತ್ತು. ಸಮಸಂಖ್ಯೆಯಲ್ಲ, ಐದಕ್ಕೆ ಹೋಗುವುದಿಲ್ಲ, ಅಂಕಿಗಳ ಮೊತ್ತ ಹತ್ತು ಆದ್ದರಿಂದ ಮೂರಕ್ಕೂ ಹೋಗುವುದಿಲ್ಲ. "ಸಾವಿರ ಸಾವಿರಲೆ ಹತ್ತು ಲಕ್ಷ" ಎಂದು ಪಾಟಿಯ ಮೇಲೆ ಬರೆದು ತಿಳಿಸಿದರು. "ಇದು ಒಡೀತದ ಅಂತಂದ್ರ ಎರಡು ಚೂರಿನ್ಯಾಗ ಒಂದರೆ ಸಾವಿರದ ಒಳಗೇ ಇರಬೇಕು. ಸಾವಿರದ ಒಳಗ ಮುಫ್ರದ್ ಸಂಖ್ಯೆ ನೂರಾ ಅರವತ್ತೆಂಟು. ಎರಡು, ಮೂರು, ಐದು ಬಿಡು, ಅವು ಆದವು. ಉಳಿದವನ್ನ ಒಂದೊಂದೇ ಹಚ್ಚಿ ನೋಡಿದ್ರ ಮುಗೀತು."

ಉಳಿದದ್ದು ನೂರಾ ಅರವತ್ತೈದು. ಅವರು ಕಾಗದ ಹರಿದು ನೂರಾ ಅರವತ್ತೈದು ಚೀಟಿ ಮಾಡಿ, ತಮ್ಮ ದುಂಡಗಿನ ಅಕ್ಷರದಲ್ಲಿ ಒಂದೊಂದರ ಮೇಲೆ ಒಂದೊಂದು ಸಂಖ್ಯೆ ಬರೆದರು. ಸಣ್ಣ ಸಂಖ್ಯೆಗಳೆಲ್ಲ ಒಬ್ಬರಿಗೆ, ದೊಡ್ಡವೆಲ್ಲ ಒಬ್ಬರಿಗೆ ಬರಬಾರದೆಂದು ಚೀಟಿಗಳನ್ನು ಮೊರದಲ್ಲಿ ಹಾಕಿ ಕಲಸಿದೆವು. "ನೀನೇ ಹಂಚು, ದಲಾಲರ ಮಗಳು" ಎಂದು ನಗುತ್ತ ಹೇಳಿ ಅವರು ಹೊರಗೆ ಹೋದರು. ನಾನು ದೇವರ ಜಗಲಿಯ ಮುಂದೆ ಕೂತು ಹಂಚಿದೆ. ಅವರಿಗೊಂದು ನನಗೊಂದು, ಅವರಿಗೊಂದು ನನಗೊಂದು. ಕಡೆಗೆ ಎರಡೂ ಗುಂಪು ಎಣಿಸಿದರೆ ಅವರಿಗೆ ಎಂಬತ್ತೆರಡು, ನನಗೆ ಎಂಬತ್ತೆರಡು. ಸರಿಸಮ ಬಂತಲ್ಲ ಎಂದು ಖುಷಿಯಾಯಿತು. ನೂರಾ ಅರವತ್ತೈದು ಬೆಸ ಸಂಖ್ಯೆ, ಎರಡು ಸಮಪಾಲು ಆಗುವುದಾದರೂ ಹೇಗೆ ಎಂದು ನನಗೆ ಹೊಳೆಯಲಿಲ್ಲ. ಅವರಿಗೂ ಹೊಳೆಯಲಿಲ್ಲ. ಹತ್ತು ಲಕ್ಷದ ಮಾತಾಡುವವರು ನಾವು, ಬೆಸ ಸಮ ಮರೆತೆವು.

ಒಂದು ತಿಂಗಳು ಭಾಗಿಸಿದೆವು. ಏಳರಿಂದ ಭಾಗಿಸಿದರೆ ಮೂರು ಉಳಿಯಿತು, ಹದಿಮೂರರಿಂದ ಹತ್ತು ಉಳಿಯಿತು. ಬಳಪ ತೀರಿದ ದಿನ ಕಲ್ಲುಹಾಸಿನ ಮೇಲೆ ಜೋಳದ ಹಿಟ್ಟು ಹರವಿ ಬೆರಳಿನಿಂದ ಬರೆದೆ. ಒಮ್ಮೊಮ್ಮೆ ಕಡೆಯ ಅಂಕಿಗೆ ಬಂದಾಗ, ಈಗ ಒಡೆದೀತು ಎಂದು ಬಾಗಿ ನೋಡುವೆ, ಅಷ್ಟರಲ್ಲಿ ಹದಿನೆಂಟೋ ಇಪ್ಪತ್ತೋ ಉಳಿದು ಅಣಕಿಸುವುದು. ನನ್ನ ಎಂಬತ್ತೆರಡೂ ಮುಗಿದವು, ಅವರ ಎಂಬತ್ತೆರಡೂ ಮುಗಿದವು. ಯಾವುದಕ್ಕೂ ಬಗ್ಗಲಿಲ್ಲ. ನಮ್ಮವರು ಅವತ್ತು ಪೇಢೆ ತಂದರು.

ಸಾಲಿಯ ಪಡಸಾಲೆಯ ಗೋಡೆಗೆ ಸುಣ್ಣ ಬಳಿಸಿ ಮೊಳದುದ್ದದ ಕೆಂಪು ಅಂಕಿಗಳಲ್ಲಿ ಸಂಖ್ಯೆ ಬರೆಸಿದರು. ಮೇಲೆ ಕನ್ನಡದಲ್ಲೂ ಉರ್ದುವಿನಲ್ಲೂ 'ಯಾರಿಂದಲೂ ಒಡೆಯಲಾಗದ ಸಂಖ್ಯೆ' ಎಂದು ಬರೆಸಿದರು. ಸಾಹೇಬರಿಗೆ ಪತ್ರವೂ ಹೋಯಿತು: ನಾನೂ ನನ್ನ ಹೆಂಡತಿಯೂ ಸೇರಿ ಕಂಡುಹಿಡಿದಿದ್ದೇವೆ, ತಾವು ಬಂದು ನೋಡಬೇಕು ಎಂದು. ಊರಿನವರು ತಂಡತಂಡವಾಗಿ ಬಂದರು. ಡಾಬಕಾದಿಂದ ಎತ್ತು ಹೊಡೆದುಕೊಂಡು ಬಂದಿದ್ದ ರೈತನೊಬ್ಬ ಗೋಡೆ ಮುಂದೆ ಬಹಳ ಹೊತ್ತು ನಿಂತು, "ಒಡೀಲಿಕ್ಕೆ ಬರಲ್ಲ ಅಂದ್ರ ಇದ್ರದು ಉಪಯೋಗ ಏನ್ರೀ ಮಾಸ್ತರ?" ಎಂದು ಕೇಳಿದನಂತೆ. ನಮ್ಮವರು ಅದನ್ನು ಹೇಳಿ ಹೇಳಿ ನಕ್ಕರು.

ಸಾಹೇಬರು ಬರುವ ಎರಡು ದಿನ ಮುಂಚೆ ಮನೆ ಸಾರಿಸಿ, ದೇವರ ಜಗಲಿ ಒರೆಸುತ್ತಿದ್ದೆ. ವಿಭೂತಿ ಗಟ್ಟಿ ಎತ್ತಿದೆ. ಅದರ ಅಡಿಗೆ ಒಂದು ಚೀಟಿ. ಮೊರದಿಂದ ಮೊದಲ ಚೀಟಿ ಎತ್ತಿದಾಗ 'ಲಾಭ' ಎಂದು ಜಗಲಿಯ ಮೇಲಿಟ್ಟದ್ದು ಆಗ ನೆನಪಾಯಿತು. ಅಳತೆ ಮುಗಿದ ಮೇಲೆ ದೇವರ ಪಾಲನ್ನು ಎತ್ತಿ ಅಯ್ಯನವರಿಗೆ ಕೊಡುತ್ತಾರಲ್ಲ, ಇದನ್ನು ಎತ್ತುವುದೇ ಮರೆತಿದ್ದೆ. ಚೀಟಿಯಲ್ಲಿ ಇನ್ನೂರ ತೊಂಬತ್ತಮೂರು ಎಂದಿತ್ತು.

ಒರೆಸುವ ಬಟ್ಟೆ ಬಿಟ್ಟು ಪಾಟಿ ಹಿಡಿದೆ. ಸಾವಿರದಲ್ಲಿ ಮೂರು ಸಲ, ಎಂಟುನೂರ ಎಪ್ಪತ್ತೊಂಬತ್ತು ಕಳೆದರೆ ನೂರ ಇಪ್ಪತ್ತೊಂದು. ಸೊನ್ನೆ ಇಳಿಸಿದೆ, ನಾಲ್ಕು ಸಲ, ಉಳಿದದ್ದು ಮೂವತ್ತೆಂಟು. ಮತ್ತೆ ಸೊನ್ನೆ, ಒಂದು ಸಲ, ಎಂಬತ್ತೇಳು. ಕಡೆಯ ಒಂಬತ್ತು ಇಳಿಸಿದಾಗ ಎಂಟುನೂರ ಎಪ್ಪತ್ತೊಂಬತ್ತು ಕಣ್ಣೆದುರು ಬಂತು. ಮೊದಲ ಸಾಲಿನಲ್ಲಿ ಕಳೆದ ಅದೇ ಸಂಖ್ಯೆ! ಮೂರು ಸಲ. ಶೇಷ ಏನೂ ಇಲ್ಲ. ಇನ್ನೂರ ತೊಂಬತ್ತಮೂರು ಗುಣಿಸು ಮೂರು ಸಾವಿರದ ನಾನೂರ ಹದಿಮೂರು, ಹತ್ತು ಲಕ್ಷದ ಒಂಬತ್ತು. ಒಡೆದುಹೋಯಿತು. ಆ ಗಳಿಗೆಯಲ್ಲಿ ನನಗೆ ಭಯಕ್ಕಿಂತ ಮೊದಲು ಆದದ್ದು ಸಂತೋಷ. ತಿಂಗಳಿಡೀ ಬಗ್ಗದ್ದು ನನ್ನ ಕೈಗೆ ಬಗ್ಗಿತ್ತು. ಯಾರನ್ನಾದರೂ ಕರೆದು ತೋರಿಸಬೇಕು ಅನ್ನಿಸಿತು.

ನಮ್ಮವರು ಬಂದೊಡನೆ ತೋರಿಸಿದೆ. ಪಾಟಿ ನೋಡಿದರು, ಮತ್ತೊಮ್ಮೆ ತಾವೇ ಮಾಡಿದರು. ಮುಖ ಸುಟ್ಟ ಬದನೆಕಾಯಿ ಆಯಿತು.

"ಎಲ್ಲಿತ್ತು ಇದು?"

"ಜಗಲಿ ಮ್ಯಾಲ್ರಿ. ಲಾಭ ಅಂತ ತಗದಿಟ್ಟಿದ್ದೆ, ಮರತೆ."

"ಲಾಭ! ಇದೇನು ನಿಮ್ಮಪ್ಪನ ಅಂಗಡಿ ಅಂದ್ಕೊಂಡಿಯೇನು?"

"ತಪ್ಪಾತ್ರಿ. ಸಾಹೇಬರು ಬರೋದ್ರಾಗ ಗೋಡಿ ಮ್ಯಾಲಿಂದು ಅಳಸಿಬಿಡ್ರಿ. ನಾವೇ ಕಟ್ಟಿದ್ವಿ, ನಾವೇ ಒಡದ್ವಿ ಅಂತ ಹೇಳೋಣು. ಅದರಾಗ ಏನದ ಅವಮಾನ?"

"ಊರಿಗೆ ಊರೇ ನೋಡ್ಯದ. ಪತ್ರ ಹೋಗ್ಯದ. ಬಾಯಿ ಮುಚ್ಕೊಂಡಿರು" ಎಂದರು. ಪಾಟಿಯನ್ನು ಅಂಗೈಯಿಂದ ಒರೆಸಿದರು. ಆಮೇಲೆ ದನಿ ತಗ್ಗಿಸಿ, "ನನ್ನ ಮಾನ ಹೋದ್ರ ನಿನ್ನ ಕೆಲಸ ಎಲ್ಲಿ ಉಳೀತದ, ಹೇಳು?" ಎಂದರು.

ಆ ಮಾತು ನನ್ನ ಬಾಯಿಗೆ ಬೀಗ ಹಾಕಿತು. ಚೀಟಿಯನ್ನು ಸೆರಗಿನ ತುದಿಗೆ ಕಟ್ಟಿಕೊಂಡೆ. ಗಂಡನ ಮಾನ ಉಳಿಸಲು ಸುಮ್ಮನಾದೆ ಎಂದು ಹೇಳಿಕೊಂಡು ತಿರುಗಿದ್ದರೆ ನಾಲ್ಕು ಜನ ಭೇಷ್ ಅನ್ನುತ್ತಿದ್ದರು. ಆದರೆ ಅದು ನಿಜವಲ್ಲ. ನಾನು ಸುಮ್ಮನಾದದ್ದು ಕೆಲಸದ ಆಸೆಗೆ.

ಸಾಹೇಬರು ಟಾಂಗಾದಲ್ಲಿ ಬಂದರು. ಸಾಲಿ ನೋಡಿ, ಗೋಡೆ ನೋಡಿ, ನಮ್ಮ ಮನೆಗೆ ಬಂದು ಪಡಸಾಲೆಯಲ್ಲಿ ಕೂತರು. ನಾನು ಒಳಬಾಗಿಲ ಮರೆಯಲ್ಲಿ ನಿಂತಿದ್ದೆ. ಹಾಲು ಕುಡಿದು ಲೋಟ ಕೆಳಗಿಟ್ಟು ಅವರೇ ಮಾತು ತೆಗೆದರು.

"ಬೇಟಿ, ಪರೀಕ್ಷಾ ಅಂದಿದ್ದೆ. ಹೆಚ್ಚಿಂದು ಏನಿಲ್ಲ, ಒಂದೇ ಸವಾಲು. ಹಂಚಿದಾಕಿ ನೀನೇ ಅಂತ ಮಾಸ್ತರ ಹೇಳ್ಯಾರ. ಒಂದೂ ಚೀಟಿ ಬಿಡದಂಗ ನೋಡೀರೇನು?"

ಸೆರಗಿನ ಗಂಟು ನನ್ನ ಮುಷ್ಟಿಯಲ್ಲಿತ್ತು. ಒಂದು ಹೆಜ್ಜೆ ಮುಂದಿಟ್ಟು ಬಿಚ್ಚಿ ಕೊಟ್ಟಿದ್ದರೆ ಸಾಕಿತ್ತು.

"ಹೌದ್ರಿ. ಒಂದೂ ಬಿಟ್ಟಿಲ್ರಿ" ಅಂದೆ.

ಸಾಹೇಬರು ಪಾಟಿ ಕೇಳಿ ತರಿಸಿಕೊಂಡರು. ಸಾವಿರದ ವರ್ಗಕ್ಕೆ ಮೂರರ ವರ್ಗ ಕೂಡಿಸಿದರೆ ಹತ್ತು ಲಕ್ಷದ ಒಂಬತ್ತು ಎಂದು ಬರೆದರು. ಅದರ ಕೆಳಗೆ ಒಂಬೈನೂರ ಎಪ್ಪತ್ತೆರಡರ ವರ್ಗ ಬರೆದು, ಇನ್ನೂರ ಮೂವತ್ತೈದರ ವರ್ಗ ಕೂಡಿಸಿದರು. ಅದೂ ಹತ್ತು ಲಕ್ಷದ ಒಂಬತ್ತೇ.

"ಎರಡು ವರ್ಗದ ಬೇರೀಜು ಆಗೋ ಸಂಖ್ಯೆ ಎರಡು ಬ್ಯಾರೆ ಬ್ಯಾರೆ ನಮೂನಿಲೆ ಹಂಗ ಬಂತಂದ್ರ ಅದು ಮುರಕ್ಕಬ್ಬೇ. ಭಾಗಾಕಾರ ಮಾಡೋ ಜರೂರತ್ತೇ ಇಲ್ಲ. ನಿಮ್ಮ ಪತ್ರ ಬಂದ ವಾರದಾಗೇ ನನಗ ಗೊತ್ತಾಗಿತ್ತು, ಮಾಸ್ತರ. ಎರಡನೂರ ತೊಂಬತ್ಮೂರರಿಂದ ಹೋಗ್ತದ."

ನಮ್ಮವರು ಬಾಗಿಲ ಕಡೆ ಒಮ್ಮೆ ನೋಡಿದರು. ಆಮೇಲೆ, ನೀರು ಕುಡಿದಷ್ಟು ಸಲೀಸಾಗಿ ಹೇಳಿದರು: "ಅದು ಆಕಿ ಪಾಲಿನ ಚೀಟಿ ಇರಬೇಕ್ರಿ. ಹೆಣ್ಣುಮಕ್ಕಳ ಕೈಯಾಗ ಕೊಟ್ಟಿದ್ದು ನಂದೇ ತಪ್ಪು."

ಎರಡು ದಿನದ ಹಿಂದೆ ಅದೇ ಪಾಟಿಯನ್ನು ಒರೆಸಿದ್ದು ಅವರದೇ ಕೈ! ಹೊರಗೆ ಬಂದು ಕೂಗಿ ಹೇಳಬಹುದಿತ್ತು. ಏನಂತ ಹೇಳಲಿ? ಒಂದೂ ಬಿಟ್ಟಿಲ್ಲ ಎಂದು ಈಗ ತಾನೇ ನನ್ನ ಬಾಯಿಂದಲೇ ಬಂದಿತ್ತು. ಈಗ ನಿಜ ಹೇಳಿದರೂ ಸುಳ್ಳುಗಾತಿಯ ಮಾತು.

ಸಾಹೇಬರು ಎದ್ದು ನಿಂತರು. ಬಾಗಿಲ ಕಡೆ ತಿರುಗಿ, ಬೈಯುವ ದನಿಯಲ್ಲಲ್ಲ, ಬೇಸರದಲ್ಲಿ ಹೇಳಿದರು: "ಬೇಟಿ, ಒಂದು ಚೀಟಿ ಬಿಟ್ಟಿದ್ದು ದೊಡ್ಡದಲ್ಲ. ನಾನೂ ಎಷ್ಟೋ ಸಲ ಬಿಟ್ಟೀನಿ. ಒಂದೂ ಬಿಟ್ಟಿಲ್ಲ ಅಂದಿ ನೋಡು, ಅದಕ್ಕ ನಾ ಏನು ಮಾಡ್ಲಿ? ಸಣ್ಣ ಹುಡುಗ್ಯಾರನ್ನ ನಿನ್ನ ಕೈಯಾಗ ಹ್ಯಾಂಗ ಕೊಡ್ಲಿ?"

ಟಾಂಗಾ ಹೋಯಿತು. ಗೋಡೆಗೆ ಮರುದಿನವೇ ಸುಣ್ಣ ಬಿತ್ತು. ಆರು ತಿಂಗಳಿಗೆ ನಮ್ಮವರಿಗೆ ಬೀದರಿಗೆ ಬದಲಿ ಆಯಿತು. ತಪ್ಪಾದರೂ ಶ್ರಮಪಟ್ಟಿದ್ದಾರೆ ಎಂದು ಸಾಹೇಬರೇ ಬರೆದಿದ್ದರಂತೆ. ಹೆಣ್ಣುಮಕ್ಕಳ ಸಾಲಿಗೆ ಹೊರಗಿನಿಂದ ಒಬ್ಬ ಅಕ್ಕೋರು ಬಂದರು. ನಾನು ಪಾಟಿಯನ್ನು ಅಟ್ಟಕ್ಕೆ ಹಾಕಿದೆ.

ಮನೆಯಲ್ಲಿ ಆ ಮಾತು ಎತ್ತಿದಾಗಲೆಲ್ಲ ನಮ್ಮವರು, "ಆದದ್ದು ಆತು, ಇನ್ನೂ ಎಷ್ಟು ದಿನ ಅದನ್ನೇ ಅರೀತಿ?" ಎನ್ನುತ್ತಿದ್ದರು. ಆದರೆ ಹೊರಗೆ ತಾವೇ ಅರೆಯುತ್ತಿದ್ದರು. ಬೀದರಿನ ಮಾಸ್ತರರೆಲ್ಲ ಸೇರಿದ ಕಡೆ ಉಪ್ಪು ಖಾರ ಹಚ್ಚಿ ಹೇಳುವರು. ಸಂಖ್ಯೆಯಲ್ಲಿ ಮೂರು ಜಾತಿ ಎಂದು ಶುರು. ತನ್ನ ಭಾಗಗಳನ್ನೆಲ್ಲ ಕೂಡಿಸಿದರೆ ತನ್ನಷ್ಟೇ ಆಗುವುದು ಪೂರ್ಣ, ಒಂದು, ಎರಡು, ಮೂರು ಕೂಡಿದ ಆರರ ಹಾಗೆ. ತನಗಿಂತ ಹೆಚ್ಚಾಗುವುದು ಹನ್ನೆರಡರ ಹಾಗೆ. ಕಡಿಮೆ ಬೀಳುವುದು ನಾಖಿಸ್, ಅಂದರೆ ಕೊರತೆಯದು. "ನಮ್ಮ ಹತ್ತು ಲಕ್ಷದ ಒಂಬತ್ತು ಎಂಥಾ ನಾಖಿಸ್ ಗೊತ್ತೇನ್ರಿ? ಭಾಗ ಎಲ್ಲಾ ಕೂಡಿಸಿದ್ರ ಮೂರು ಸಾವಿರದ ಏಳುನೂರ ಏಳು!" ಎಂದು ನಗಿಸುತ್ತಿದ್ದರು. ಹೆಂಡತಿಯ ಕಥೆ ಅದರ ಬಾಲ. ಒಳಗೆ ಚಹಾ ಮಾಡುತ್ತ ನಾನೂ ಕೇಳುತ್ತಿದ್ದೆ.

ವರ್ಷಗಳು ಹೋದವು. ನಮ್ಮ ಮಗಳು ಅದೇ ಹೆಣ್ಣುಮಕ್ಕಳ ಸಾಲಿಗೆ ಹೋಗತೊಡಗಿದಳು. ಅವಳಿಗೆ ಹತ್ತು ವರ್ಷವಾಗಿದ್ದಾಗ ಒಂದು ದಿನ ಮಧ್ಯಾಹ್ನ ಪಾಟಿಚೀಲ ಎಸೆದು, ಒಲೆಯ ಮುಂದೆ ಬಂದು ಕೂತು, ಬಿದ್ದು ಬಿದ್ದು ನಕ್ಕಳು.

"ಅವ್ವಾ, ಇವತ್ತು ಅಕ್ಕೋರು ಎಂಥಾ ಕಥಿ ಹೇಳಿದ್ರು ಗೊತ್ತದೇನು? ಔರಾದದಾಗ ಒಬ್ಬಾಕಿ ಹುಚ್ಚಿ ಇದ್ಳಂತ. ಲೆಕ್ಕ ಮಾಡು ಅಂತ ಕೊಟ್ರ ಅಂಕಿ ಒಯ್ದು ದೇವರಿಗೆ ಕೊಟ್ಟಾಳಂತ! ಅದಕ್ಕ ಲೆಕ್ಕ ಮಾಡುವಾಗ ಕೈ ಮ್ಯಾಲೆ ಖಬರ್ ಇರಬೇಕು ಅಂದ್ರು."

ಹೆಂಚಿನ ಮೇಲೆ ರೊಟ್ಟಿ ಇತ್ತು. ನಾನು ಅದನ್ನು ತಿರುವಲಿಲ್ಲ.

"ಆಕಿ ನಾನೇವಾ" ಅಂದೆ.

ಅವಳು ನಗು ನಿಲ್ಲಿಸಿ ನನ್ನ ಮುಖ ನೋಡಿದಳು. ಮತ್ತೆ ನಕ್ಕಳು. "ಸುಮ್ನಿರವ್ವಾ, ನಿನಗೆಲ್ಲಿ ಲೆಕ್ಕ ಬರ್ತದ?"

ತಪ್ಪು ಅವಳದಲ್ಲ. ನಾನು ಲೆಕ್ಕ ಮಾಡಿದ್ದನ್ನು ಅವಳು ಹುಟ್ಟಿದಾಗಿನಿಂದ ಕಂಡೇ ಇಲ್ಲ. ಎದ್ದು ಜಗಲಿಗೆ ಹೋದೆ. ಅಂದು ಸೆರಗಿನಿಂದ ಬಿಚ್ಚಿ ವಿಭೂತಿ ಡಬ್ಬಿಯ ತಳದಲ್ಲಿ ಅಡಗಿಸಿದ್ದ ಚೀಟಿ ತೆಗೆದೆ. ಅಷ್ಟು ವರ್ಷ ಅದನ್ನು ಯಾರಿಗೂ ತೋರಿಸಿರಲಿಲ್ಲ, ತೋರಿಸಬೇಕಾದ ಒಂದು ದಿನವೂ ತೋರಿಸಿರಲಿಲ್ಲ. ಮಡಿಕೆಯಲ್ಲಿ ಸವೆದಿತ್ತು, ಅಂಕಿ ಮಾತ್ರ ಚೆನ್ನಾಗಿ ಕಾಣುತ್ತಿತ್ತು. ಮಗಳ ಕೈಗಿಟ್ಟೆ.

"ಇದರಿಂದ ಹತ್ತು ಲಕ್ಷದ ಒಂಬತ್ತು ಭಾಗಸು. ಶೇಷ ಉಳಿಯಂಗಿಲ್ಲ. ಮೊದಲು ಕಂಡಾಕಿ ನಾನು. ಸಾಹೇಬರು ಬರೋಕಿಂತ ಎರಡು ದಿನ ಮೊದಲೇ ನಿಮ್ಮಪ್ಪಗ ತೋರಿಸೀನಿ."

ಅವಳು ಚೀಟಿಯನ್ನು ಬೆಳಕಿಗೆ ಹಿಡಿದು ನೋಡಿದಳು. ಅವಳ ಮುಖ ಅರಳಿತು.

"ಇದು ಅಪ್ಪನ ಅಕ್ಷರ ಅದಲ್ಲವ್ವಾ! ಕಂಡುಹಿಡಿದಾವ ಅಪ್ಪನೇ ಅನ್ನು!" ಎಂದವಳೇ ಅದನ್ನು ಅವರಿಗೆ ತೋರಿಸಲು ಪಡಸಾಲೆಗೆ ಓಡಿದಳು. ಹೊರಗೆ ನಮ್ಮವರು, "ಎಲ್ಲಿ ಸಿಕ್ತು ಮಗಾ ಇದು?" ಎಂದು ಕೇಳುವುದು ಕೇಳಿಸಿತು. ಹೆಂಚಿನ ಮೇಲಿನ ರೊಟ್ಟಿ ಸೀದು ಹೋಗಿತ್ತು. ತೆಗೆದು ಬದಿಗಿಟ್ಟು ಇನ್ನೊಂದು ಬಡಿದೆ.